ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು

ಎಲ್ಲಿಯೋ ಒಂದು ಬಾಂಬು ಸಿಡಿಯುತ್ತದೆ. ಎಲ್ಲಿಯೋ ಬಂದೂಕುಧಾರಿಯೊಬ್ಬ ನಿರಪರಾಧಿಗಳ ಮೇಲೆ ಗುಂಡಿನ ಮಳೆಗರೆಯುತ್ತಾನೆ. ಘಟನೆ ಒಂದೇ ಆದರೂ ಅದರ ಸುದ್ದಿ ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ. ಜನ್ಮಭೂಮಿಯ ಪತ್ರಿಕೆಯನ್ನೂ ಕರ್ಮಭೂಮಿಯ ದೂರದರ್ಶನವನ್ನೂ ಜೊತೆಜೊತೆಯಾಗಿ ಅನುಸರಿಸುವ ನನ್ನಂಥ ಅನಿವಾಸಿ ಕನ್ನಡಿಗನಿಗೆ ಈ ವ್ಯತ್ಯಾಸ ಬೇಗ ಕಣ್ಣಿಗೆ ಬೀಳುತ್ತದೆ. ಸತ್ತವರು ಯಾರವರು? ಕೊಂದವರು ಯಾರವರು? ಜನರಿಗೆ ಎಷ್ಟನ್ನು ತಿಳಿಸಬೇಕು? ಈ ಪ್ರಶ್ನೆಗಳಿಗೆ ಮಾಧ್ಯಮಗಳು ಮೊದಲ ಕೆಲವು ಗಂಟೆಗಳಲ್ಲಿ ಕೊಡುವ ಉತ್ತರ ನಮ್ಮ ಬದುಕನ್ನೂ ತಟ್ಟುತ್ತದೆ.

ಮೊದಲನೆಯ ಪ್ರಶ್ನೆಗೆ ‘ಕನಿಷ್ಕ’ಕ್ಕಿಂತ ಮನಕಲಕುವ ನಿದರ್ಶನ ನನಗೆ ತಿಳಿದಿಲ್ಲ. 1985ರ ಜೂನ್ 23ರಂದು ಕೆನಡಾದಿಂದ ಲಂಡನ್ ಮಾರ್ಗವಾಗಿ ದೆಹಲಿಗೆ ಹೊರಟಿದ್ದ ಈ ಏರ್ ಇಂಡಿಯಾ ವಿಮಾನ ಐರ್ಲೆಂಡಿನ ಸಮೀಪ ಸಾಗರದ ಮೇಲೆ ಬಾಂಬ್ ಸ್ಫೋಟಕ್ಕೆ ತುತ್ತಾಯಿತು. ಅದರಲ್ಲಿದ್ದ 329 ಮಂದಿಯೂ ಮಡಿದರು. ಅವರಲ್ಲಿ ಬಹುಪಾಲು ಜನ ಭಾರತೀಯ ಮೂಲದ ಕೆನಡಾ ನಾಗರಿಕರು ಮತ್ತು ನಿವಾಸಿಗಳು. ಆದರೂ ಪ್ರಧಾನಿ ಬ್ರಯನ್ ಮಲ್ರೋನಿ ಸಂತಾಪ ಸೂಚಿಸಲು ದೂರವಾಣಿ ಕರೆ ಮಾಡಿದ್ದು ರಾಜೀವ್ ಗಾಂಧಿಯವರಿಗೆ! ಕೆನಡಾ ತನ್ನದೇ ಮಕ್ಕಳ ಸಾವನ್ನು ಪರದೇಶದ ದುಃಖವೆಂದು ಬಗೆಯಿತೆಂಬ ನೋವು ಮೃತರ ಬಂಧುಗಳನ್ನು ದೀರ್ಘಕಾಲ ಕಾಡಿತು. 2010ರಲ್ಲಿ ನಿವೃತ್ತ ನ್ಯಾಯಮೂರ್ತಿ ಜಾನ್ ಮೇಜರ್ ಅವರ ಆಯೋಗ ಇದು ಕೆನಡಾದ ದುರಂತವೇ ಎಂದು ಸ್ಪಷ್ಟಪಡಿಸಿತು. ಪ್ರಧಾನಿ ಸ್ಟೀಫನ್ ಹಾರ್ಪರ್ ಕ್ಷಮೆ ಕೋರಿದರು. ಅಷ್ಟರಲ್ಲಿ 25 ವರ್ಷಗಳೇ ಉರುಳಿದ್ದವು.

ಎರಡನೆಯ ಪ್ರಶ್ನೆಯಲ್ಲಿ ಅವಸರವೇ ಅಪಾಯ. 1995ರ ಏಪ್ರಿಲ್ 19ರಂದು ಒಕ್ಲಹೋಮ ನಗರದ ಸರ್ಕಾರಿ ಕಟ್ಟಡವನ್ನು ಸ್ಫೋಟಿಸಿ 168 ಜನರನ್ನು ಕೊಲ್ಲಲಾಯಿತು. ಅಮೆರಿಕದ ದೂರದರ್ಶನದಲ್ಲಿ ಅನೇಕ ‘ತಜ್ಞರು’ ಕೂಡಲೇ ಮಧ್ಯಪ್ರಾಚ್ಯದತ್ತ ಬೆರಳು ತೋರಿದರು. ಸಿಕ್ಕಿಬಿದ್ದವನು ಕೊಲ್ಲಿ ಯುದ್ಧದಲ್ಲಿ ಹೋರಾಡಿದ್ದ ಅಮೆರಿಕದ ಮಾಜಿ ಸೈನಿಕ ಟಿಮೊಥಿ ಮೆಕ್‌ವೇ. ಪಾಠ ಕಲಿತರೇ? 2011ರ ಜುಲೈ 22ರಂದು ನಾರ್ವೆಯಲ್ಲಿ 77 ಜನರ ಹತ್ಯೆಯಾದಾಗಲೂ ಮೊದಲ ಊಹೆ ಅದೇ, ಕೊಂದವನು ನಾರ್ವೆಯವನೇ. ತೆರೆಯ ಮೇಲಿನ ಊಹೆ ಬೀದಿಗಿಳಿದಾಗ ಹೆಸರು ಕೇಳುವುದಿಲ್ಲ, ಮೈಬಣ್ಣ ನೋಡುತ್ತದೆ. 2001ರ ಸೆಪ್ಟೆಂಬರ್ 11ರ ದಾಳಿಯ ನಾಲ್ಕೇ ದಿನಗಳಲ್ಲಿ ಅರಿಜೋನಾದಲ್ಲಿ ಪೇಟ ಧರಿಸಿದ ಸಿಖ್ ಬಂಧುವೊಬ್ಬರು ಗುಂಡಿಗೆ ಬಲಿಯಾದುದನ್ನು ನಾವು ಮರೆಯಲಾಗದು.

ಇನ್ನು ಮೂರನೆಯದು. 2008ರ ನವೆಂಬರ್ 26ರ ಮುಂಬಯಿ ದಾಳಿಯಲ್ಲಿ 166 ಜನ ಅಸುನೀಗಿದರು. ಕಮಾಂಡೋಗಳ ಚಲನವಲನವನ್ನು ನಮ್ಮ ವಾಹಿನಿಗಳು ನೇರ ಪ್ರಸಾರ ಮಾಡಿದವು; ಪಾಕಿಸ್ತಾನದಲ್ಲಿ ಕುಳಿತ ಸೂತ್ರಧಾರರು ಅದನ್ನು ನೋಡುತ್ತ ಹಂತಕರಿಗೆ ದೂರವಾಣಿಯಲ್ಲಿ ಸೂಚನೆ ಕೊಟ್ಟರು. ಸರ್ವೋಚ್ಚ ನ್ಯಾಯಾಲಯ 2012ರ ಕಸಬ್ ತೀರ್ಪಿನಲ್ಲಿ ವಾಹಿನಿಗಳ ಈ ವರ್ತನೆಯನ್ನು ಕಟುವಾಗಿ ಖಂಡಿಸಿತು. ಭಯೋತ್ಪಾದಕರ ವಿರುದ್ಧದ ಕಾರ್ಯಾಚರಣೆಯ ನೇರ ಪ್ರಸಾರವನ್ನು 2015ರಲ್ಲಿ ಕೇಂದ್ರ ಸರ್ಕಾರ ನಿಯಮದ ಮೂಲಕ ನಿಷೇಧಿಸಿತು. ಇದು ಭಾರತೀಯರಿಗೆ ಮಾತ್ರ ಅಂಟಿದ ಚಾಳಿಯಲ್ಲ. ಜರ್ಮನಿಯ ಗ್ಲಾಡ್ಬೆಕ್‌ನಲ್ಲಿ 1988ರಲ್ಲಿ ಬ್ಯಾಂಕ್ ದರೋಡೆಕೋರರು ಒತ್ತೆಯಾಳುಗಳೊಡನೆ ಪರಾರಿಯಾದಾಗ ವರದಿಗಾರರು ಅವರ ಕಾರನ್ನು ಮುತ್ತಿ ಸಂದರ್ಶನ ಪಡೆದಿದ್ದರು. ಇಬ್ಬರು ಒತ್ತೆಯಾಳುಗಳು ಹತರಾದರು. ಘಟನೆ ನಡೆಯುತ್ತಿರುವಾಗ ಅಪರಾಧಿಗಳ ಸಂದರ್ಶನ ಸಲ್ಲದೆಂದು ಅಲ್ಲಿನ ಪತ್ರಿಕಾ ಮಂಡಳಿ ಅನಂತರ ತನಗೆ ತಾನೇ ಕಟ್ಟು ಹಾಕಿಕೊಂಡಿತು.

ಸಂಯಮದ ಮೇಲ್ಪಂಕ್ತಿಯನ್ನು ನಾನು ಕಂಡದ್ದು ನ್ಯೂಜಿಲೆಂಡಿನಲ್ಲಿ. 2019ರ ಮಾರ್ಚ್ 15ರಂದು ಕ್ರೈಸ್ಟ್‌ಚರ್ಚ್‌ನ ಎರಡು ಮಸೀದಿಗಳಲ್ಲಿ 51 ಜನ ಹತರಾದಾಗ ಪ್ರಧಾನಿ ಜೆಸಿಂಡಾ ಆರ್ಡರ್ನ್ ಹಂತಕನ ಹೆಸರನ್ನು ಉಚ್ಚರಿಸಲು ನಿರಾಕರಿಸಿದರು. ಅವನ ದ್ವೇಷ ಸಿದ್ಧಾಂತಕ್ಕೆ ವಿಚಾರಣೆಯ ವರದಿಗಳಲ್ಲಿ ಪ್ರಚಾರ ದೊರೆಯದಂತೆ ಐದು ಪ್ರಮುಖ ಸುದ್ದಿಸಂಸ್ಥೆಗಳು ಒಪ್ಪಂದ ಮಾಡಿಕೊಂಡವು. ಹಾಗೆಂದು ಮೌನವೇ ಸದಾ ಶ್ರೇಯಸ್ಕರವೆನ್ನಲಾರೆ. ಅಂಚೆಯಲ್ಲಿ ಬಾಂಬು ಕಳಿಸುತ್ತಿದ್ದ ‘ಯೂನಾಬಾಂಬರ್’ನ ದೀರ್ಘ ಲೇಖನವನ್ನು 1995ರಲ್ಲಿ ‘ವಾಷಿಂಗ್ಟನ್ ಪೋಸ್ಟ್’ ಪ್ರಕಟಿಸಿತು. ಅದರ ಮಾತಿನ ವರಸೆಯನ್ನು ಅವನ ಸಹೋದರ ಗುರುತಿಸಿದ್ದರಿಂದಲೇ ಮರುವರ್ಷ ಅವನ ಬಂಧನವಾಯಿತು. ಯಾರಿಗೆ ಹಿತ, ಯಾರಿಗೆ ಅಹಿತ ಎಂದು ಪ್ರತಿ ಸಲವೂ ತೂಗಿ ನೋಡುವ ವಿವೇಕವೇ ಪತ್ರಿಕಾಧರ್ಮ.

ಆ ವಿವೇಕ ಪತ್ರಕರ್ತರ ಪಾಲಿಗೆ ಮಾತ್ರ ಮೀಸಲಲ್ಲ. ಇಂದು ಪ್ರತಿಯೊಬ್ಬರ ಕೈಯಲ್ಲೂ ಒಂದು ಪುಟ್ಟ ಪ್ರಸಾರ ಕೇಂದ್ರವಿದೆ. ನಮ್ಮ ಕನ್ನಡ ಕೂಟಗಳ ಬಳಗಗಳಲ್ಲಿ ವದಂತಿ ಕ್ಷಣಾರ್ಧದಲ್ಲಿ ಖಂಡಾಂತರ ದಾಟುತ್ತದೆ. ಎರಡು ದೇಶಗಳ ಸುದ್ದಿಯನ್ನು ಹೋಲಿಸಿ ನೋಡುವ ಅವಕಾಶ ವಲಸೆ ನಮಗಿತ್ತ ವರ. ಮೊದಲ ಸುದ್ದಿಯನ್ನು ಹಂಚುವ ಮುನ್ನ ಒಂದು ದಿನ ಕಾಯೋಣ. ಅನ್ಯರನ್ನು ಶಂಕಿಸುವ ಮುನ್ನ, ನಾಳೆ ಆ ಶಂಕೆ ನಮ್ಮ ಮಕ್ಕಳ ಮೇಲೂ ಬೀಳಬಹುದೆಂದು ನೆನೆಯೋಣ. ಸತ್ತವರ ಊರು, ಮತ, ಬಣ್ಣ ಯಾವುದೇ ಆಗಿರಲಿ, ಅವರು ನಮ್ಮವರೇ ಎಂದು ಮೊದಲ ದಿನವೇ ಹೇಳೋಣ. ಅದಕ್ಕಾಗಿ ಯಾವ ಕುಟುಂಬವೂ 25 ವರ್ಷ ಕಾಯುವಂತಾಗಬಾರದು.