ಜಗಿಯುವ ಯಂತ್ರ

ಬೂಕನಕೆರೆಯೆಂಬ ಹಳ್ಳಿಯ ಊಟದಲ್ಲಿ ರಾಗಿಮುದ್ದೆಯನ್ನು ಜಗಿಯದೆ ನುಂಗುವುದೇ ರೂಢಿಯಾದರೂ, ಗದ್ದೆಯ ಬದುವಿನಲ್ಲಿ ನಿಂತು ಕಬ್ಬಿನ ಸಿಪ್ಪೆಯನ್ನು ಹಲ್ಲಿನಿಂದಲೇ ಸೀಳುವವನ ದವಡೆಗೆ ಬಿಡುವೆಲ್ಲಿಯದು? ಅಂಥ ಬಾಯಲ್ಲಿ ಕೃತಕ ದಂತವಾಗಲಿ, ಹುಳುಕಿಗೆ ತುಂಬಿದ ಮಿಶ್ರಣವಾಗಲಿ ಎಷ್ಟು ಕಾಲ ಬಾಳೀತೆಂಬುದನ್ನು ವರ್ಷಗಟ್ಟಲೆ ಕಾಯದೆ ಕೆಲವೇ ದಿನಗಳಲ್ಲಿ ಊಹಿಸುವ ಸಲುವಾಗಿ ಹುಟ್ಟಿದವು ಚರ್ವಣಯಂತ್ರಗಳು. ಅಮೆರಿಕದ ಡಿಲಾಂಗ್ ಮತ್ತು ಡಗ್ಲಸ್ ಎಂಬ ವಿದ್ವಾಂಸರು 1983ರಲ್ಲಿ ಇಂಥದೊಂದು ಕೃತಕ ಬಾಯಿಯನ್ನು ವಿವರಿಸಿದರು. ಈಗಿನ ಯಂತ್ರಗಳಲ್ಲಿ ಮೇಲ್ಹಲ್ಲಿನ ಪ್ರತಿರೂಪವು ಸಾಮಾನ್ಯವಾಗಿ 5 ಕಿಲೋಗ್ರಾಂ ಭಾರದೊಡನೆ ಮಾದರಿಯ ಮೇಲಿಳಿದು, ಕಿಂಚಿತ್ ಪಕ್ಕಕ್ಕೆ ಜಾರಿ, ಮೇಲೇಳುತ್ತದೆ. ನಡುನಡುವೆ 5 ಡಿಗ್ರಿಯ ತಣ್ಣೀರೂ 55 ಡಿಗ್ರಿಯ ಬಿಸಿನೀರೂ ಹರಿಯುತ್ತವೆ. ಇಂಥ 12 ಲಕ್ಷ ಆವರ್ತನಗಳನ್ನು ಐದು ವರ್ಷಗಳ ಬಳಕೆಗೆ ಸಮವೆಂದೆಣಿಸುವುದು ವಾಡಿಕೆ. ಈ ಸಮೀಕರಣವನ್ನು ನಾನಂತೂ ಸಂಶಯದಿಂದಲೇ ನೋಡುತ್ತೇನೆ: ಯಂತ್ರಕ್ಕೆ ಎಲೆಯಡಿಕೆಯ ಚಟವಿಲ್ಲ, ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವೂ ಇಲ್ಲ, ಮೇಲಾಗಿ, ಅವೇ ವಸ್ತುಗಳನ್ನು ಭಿನ್ನ ಯಂತ್ರಗಳಲ್ಲಿ ಸವೆಸಿದಾಗ ಅವುಗಳ ತಾರತಮ್ಯವೇ ಬದಲಾದದ್ದುಂಟು.