ಊರಿನವರ ಹೆಸರು, ಪರರ ಹೆಸರು

ಇಂಗ್ಲಿಷ್ ಭೂಪಟವನ್ನು ನೋಡಿ ಇಟಲಿಗೆ ಹೋದ ಪ್ರವಾಸಿಯು ಫ್ಲಾರೆನ್ಸ್ ನಗರವನ್ನು ಅರಸಿದರೆ, ರೈಲು ನಿಲ್ದಾಣದ ಫಲಕದಲ್ಲಿ ಅವನಿಗೆ ಕಾಣುವುದು ಫಿರೆಂಟ್ಸೆ ಎಂಬ ಹೆಸರು. ಹಾಗೆಯೇ ಜರ್ಮನರ ಕ್ಯೋಲ್ನ್ ಇಂಗ್ಲಿಷಿನಲ್ಲಿ ಕಲೋನ್. ಆಸ್ಟ್ರಿಯದವರ ವೀನ್, ವಿಯೆನ್ನಾ. ಇದನ್ನು ಅಜ್ಞಾನವೆಂದು ನಾವು ಹಳಿಯಲಾಗದು. ರೋಮನರ ಕಾಲದ ಫ್ಲೊರೆಂಟಿಯ ಎಂಬ ಹೆಸರು ಆ ಊರಿನವರ ಬಾಯಲ್ಲಿ ಸವೆದು ಫಿರೆಂಟ್ಸೆಯಾಯಿತು. ಫ್ರೆಂಚರ ಮೂಲಕ ಇಂಗ್ಲಿಷಿಗೆ ಬಂದು ಫ್ಲಾರೆನ್ಸ್ ಆಯಿತು. ಇಲ್ಲಿ ಪರರ ಹೆಸರೇ ಮೂಲಕ್ಕೆ ಹೆಚ್ಚು ಸಮೀಪವಾಗಿದೆ. ಕಲೋನ್ ಎಂಬುದರಲ್ಲಿಯೂ, ಕ್ರಿ.ಶ. 50ರಲ್ಲಿ ರೋಮನ್ ವಸಾಹತಿನ ಪದವಿಯನ್ನು ಪಡೆದ ಊರಿನ 'ಕೊಲೋನಿಯ' ಎಂಬ ಮಾತು ಉಳಿದುಬಂದಿದೆ.

ಇಂತಹ ಹೆಸರುಗಳಿಗೂ ಮುಪ್ಪುಂಟು. ಲಿವೋರ್ನೊ ಬಂದರನ್ನು ಇಂಗ್ಲಿಷರು ಶತಮಾನಗಳವರೆಗೆ ಲೆಗ್‌ಹಾರ್ನ್ ಎಂದು ಕರೆದರು. ಇಂದು ಆ ಹೆಸರು ನಮಗೆ ಪರಿಚಯವಿರುವುದು ಕೋಳಿಯ ತಳಿಯೊಂದರಿಂದ.

ಕೆಲವು ಹೆಸರುಗಳನ್ನಾದರೋ ನಿವಾಸಿಗಳ ಇಚ್ಛೆಯೇ ಮಾರ್ಪಡಿಸುತ್ತದೆ. ಉಕ್ರೇನಿನವರು ತಮ್ಮ ರಾಜಧಾನಿಯನ್ನು ರಷ್ಯನ್ ರೂಪದಂತೆ ಕಿಯೆವ್ ಎನ್ನದೆ, ತಮ್ಮ ನುಡಿಯಂತೆ ಕೀಯಿವ್ ಎನ್ನಬೇಕೆಂದು ಕೋರಿದರು; 2019ರಲ್ಲಿ ಅಮೆರಿಕದ ಸರಕಾರವು ಅದನ್ನು ಅಂಗೀಕರಿಸಿತು. 2014ರಲ್ಲಿ 'ಮೈಸೋರ್' ಎಂಬುದನ್ನು ಬಿಡಿಸಿ, ಇಂಗ್ಲಿಷಿನಲ್ಲಿಯೂ ಮೈಸೂರು ಎಂದೇ ಬರೆಯಿಸಿದ ನಮಗೆ ಆ ಕೋರಿಕೆಯ ಮರ್ಮ ತಿಳಿಯದುದಲ್ಲ. ಊರಿನವರು ಸುಮ್ಮನಿರುವಲ್ಲಿ ರೂಢಿಯು ನಡೆಯಲಿ. ಅವರು ಕೇಳಿಕೊಂಡಲ್ಲಿ ರೂಢಿಯು ಮಣಿಯಲಿ.