ಎರಡು ಹೊಳೆಗಳ ನಡುವೆ

ಸಂಸಾರದ ಭಾರ ಇಳಿಸಿದ ಗಂಡಹೆಂಡಿರು ಕಾಶಿಗೋ ರಾಮೇಶ್ವರಕ್ಕೋ ಹೊರಡುವುದು ನಮ್ಮಲ್ಲಿ ಹಳೆಯ ವಾಡಿಕೆ. ಆ ಯಾತ್ರೆಗೆ ಮಕ್ಕಳು ಜೊತೆಗೂಡುತ್ತಿರಲಿಲ್ಲ. ಊರ ಅಗಸೆಯವರೆಗೆ ಬಂದು, ಕಾಲಿಗೆರಗಿ, ಹಿಂದಿರುಗುತ್ತಿದ್ದರು. ಈಗ ಕಾಲ ಬದಲಾಗಿದೆ. ನಿವೃತ್ತರ ಪ್ರವಾಸವೆಂದರೆ ಮಗ, ಸೊಸೆ, ಮೊಮ್ಮಕ್ಕಳ ರಜೆಗಳನ್ನು ಹೊಂದಿಸಿಕೊಂಡು ಎಲ್ಲರೂ ಒಂದೇ ವಾಹನದಲ್ಲಿ ಹೊರಡುವ ಪ್ರವಾಸ. ಅದರ ಕೊನೆಗೊಂದು ಜಲವಿಹಾರವೂ ಇರಬೇಕೆಂಬುದು ಈಚಿನ ಬಯಕೆ. ಮುಂಬಯಿಯಿಂದ ಗೋವೆಗೆ ಹೋಗಿಬರುವ ವಿಹಾರನೌಕೆಗಳಲ್ಲಿ ನಮ್ಮ ಕಡೆಯ ಹಿರಿಯರೂ ಕಾಣಸಿಗುತ್ತಾರೆ. 'ಕ್ರೂಸ್' ಎಂಬ ಮಾತು ನಮ್ಮ ಪಡಸಾಲೆಗಳಿಗೂ ಬಂದು ಕುಳಿತಿದೆ.

ಅಂಥ ನೌಕೆಯೊಂದರಲ್ಲಿ ಪ್ರಯಾಣ ಮಾಡುವ ಯೋಗ ನಮ್ಮ ಮನೆಯವರಿಗೂ ಒದಗಿತ್ತು. ಸೌಕರ್ಯಕ್ಕೆ ಏನೂ ಕೊರತೆಯಿರಲಿಲ್ಲ. ಆದರೆ ನಡುಗಡಲಿನಲ್ಲಿ ಕುಳಿತವನಿಗೆ ಕೆಳಗಿನ ನೀರಿನೊಡನೆ ಯಾವ ನಂಟೂ ಇಲ್ಲ. ಅದು ಬರಿಯ ನೋಟ. ನಾನಿಂದು ಹೇಳಹೊರಟಿರುವುದು ಬೇರೊಂದು ಪ್ರವಾಸದ ವಿಚಾರ. ಬಾಗಲಕೋಟೆ ಜಿಲ್ಲೆಯ ಮುಧೋಳ, ರಬಕವಿ-ಬನಹಟ್ಟಿ, ಜಮಖಂಡಿ, ಬೀಳಗಿ ಈ ಊರುಗಳನ್ನು ಮೂರು ದಿನಗಳಲ್ಲಿ ಸುತ್ತಿ, ಕೊನೆಗೆ ಕೃಷ್ಣೆಯ ಹಿನ್ನೀರಿನಲ್ಲಿ ಎರಡು ತಾಸು ದೋಣಿಯಲ್ಲಿ ಕುಳಿತು ಬರುವ ಪ್ರವಾಸವದು. ನಾವಿಬ್ಬರು, ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು, ಹೀಗೆ ಆರು ಮಂದಿ ಅದನ್ನು ಮಾಡಿಬಂದೆವು. ಅದನ್ನು ಹೇಗೆ ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏಕೆ ಮಾಡಬೇಕು ಎಂಬುದನ್ನು ಕೇಳುಗ ಮಿತ್ರರ ಮುಂದಿಡುತ್ತೇನೆ.

ಮೊದಲು ಈ ನೆಲದ ಇರವನ್ನು ತಿಳಿಯಬೇಕು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ. ಇವೆರಡರ ನಡುವಣ ಎರೆಭೂಮಿಯೇ ಈ ಸೀಮೆ. ಮುಧೋಳ ಘಟಪ್ರಭೆಯ ಮಗ್ಗುಲಲ್ಲಿದೆ. ರಬಕವಿ ಕೃಷ್ಣೆಯ ಮಗ್ಗುಲಲ್ಲಿ. ಎರಡೂ ಹೊಳೆಗಳು ಪೂರ್ವಕ್ಕೆ ಹರಿಯುತ್ತ ಒಂದನ್ನೊಂದು ಸಮೀಪಿಸಿ ಬೀಳಗಿಯ ಸೀಮೆಯಾಚೆ ಚಿಕ್ಕಸಂಗಮದಲ್ಲಿ ಕೂಡುತ್ತವೆ. ಇನ್ನೂ ಕೆಳಗೆ ಮಲಪ್ರಭೆ ಬಂದು ಸೇರುವ ಎಡೆಯೇ ಬಸವಣ್ಣನವರ ಕೂಡಲಸಂಗಮ. ಆದ್ದರಿಂದ ಮುಧೋಳದಲ್ಲಿ ಆರಂಭಿಸಿ ಬೀಳಗಿಯಲ್ಲಿ ಮುಗಿಸಿದರೆ ಎರಡು ನದಿಗಳನ್ನು ಬೇರೆ ಬೇರೆಯಾಗಿ ಕಂಡು ಅವುಗಳ ಕೂಟದವರೆಗೆ ಹೋದಂತಾಗುತ್ತದೆ.

ಒಂದೊಂದು ಗಂಟೆಯ ಹಾದಿಯಲ್ಲಿರುವ ಈ ಊರುಗಳು ಸ್ವಾತಂತ್ರ್ಯಕ್ಕೆ ಮುಂಚೆ ಬೇರೆ ಬೇರೆ ಆಡಳಿತಗಳಿಗೆ ಸೇರಿದ್ದವೆಂದರೆ ಇಂದಿನ ಮಕ್ಕಳು ನಂಬುವುದು ಕಷ್ಟ. ಮುಧೋಳ ಘೋರ್ಪಡೆ ಮನೆತನದ್ದು. ಜಮಖಂಡಿ, ಬನಹಟ್ಟಿಗಳು ಜಮಖಂಡಿಯ ಪಟವರ್ಧನರವು. ರಬಕವಿ ಸಾಂಗಲಿಯ ಪಟವರ್ಧನರದು. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯದು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು; 1956ರಲ್ಲಿ ಎಲ್ಲವೂ ಕನ್ನಡದ ಒಂದೇ ರಾಜ್ಯದೊಳಗೆ ಬಂದವು; 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಯಿತು. ಅಷ್ಟೆಲ್ಲ ಒಡೆಯರು ಬದಲಾದರೂ ಆಡುವ ಮಾತು, ತಟ್ಟುವ ರೊಟ್ಟಿ ಒಂದೇ ಆಗಿ ಉಳಿದವು.

ಇನ್ನು ಕಾಲದ ಮಾತು. ಆಷಾಢ, ಶ್ರಾವಣಗಳಲ್ಲಿ ಸಹ್ಯಾದ್ರಿಯ ಮಳೆಗೆ ಎರಡೂ ಹೊಳೆಗಳು ಉಕ್ಕುತ್ತವೆ. 2019ರ ಆಗಸ್ಟಿನ ಪ್ರವಾಹವನ್ನು ಈ ಭಾಗದವರು ಮರೆತಿಲ್ಲ. ಬೇಸಗೆಯಲ್ಲಿ ಬಿಸಿಲು ವೃದ್ಧರಿಗೆ ಸಲ್ಲದು. ಮಾರ್ಗಶಿರ, ಪುಷ್ಯಗಳೇ ತಕ್ಕ ಮಾಸಗಳು. ಹಿನ್ನೀರು ತುಂಬಿ ನಿಂತಿರುತ್ತದೆ, ಗಾಳಿ ತಣ್ಣಗಿರುತ್ತದೆ, ಹೊಲದಲ್ಲಿ ಬಿಳಿಜೋಳ ತೆನೆ ಹಿರಿಯುತ್ತಿರುತ್ತದೆ. ಆದರೆ ಅದು ಕಬ್ಬು ನುರಿಸುವ ಕಾಲವೂ ಹೌದು. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಸಾಲುಗಟ್ಟಿ ಸಾಗುತ್ತವೆ. ಹಿಂದಿನ ದೀಪವಿಲ್ಲದವೂ ಅವುಗಳಲ್ಲಿ ಉಂಟು. ಹೊತ್ತು ಮುಳುಗಿದ ಮೇಲೆ ವಾಹನ ನಡೆಸಬಾರದೆಂಬುದು ನಾವು ಹಾಕಿಕೊಂಡ ಮೊದಲ ಕಟ್ಟಳೆ. ಎರಡು ತಾಸಿಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯುವುದು, ಔಷಧದ ಚೀಲವನ್ನು ಕೈಗೆಟಕುವಲ್ಲಿ ಇಡುವುದು, ಇವು ಉಳಿದ ಕಟ್ಟಳೆಗಳು. ಇನ್ನೊಂದನ್ನು ಸೊಸೆ ಸೇರಿಸಿದಳು: ಪ್ರತಿಯೊಬ್ಬರೂ ತಮಗೆ ಬೇಕಾದ ಒಂದು ಸ್ಥಳವನ್ನು ಆರಿಸಬೇಕು, ಉಳಿದವರು ಗೊಣಗದೆ ಅಲ್ಲಿಗೆ ಬರಬೇಕು. ಕುಟುಂಬದ ಪ್ರವಾಸಕ್ಕೆ ಇದಕ್ಕಿಂತ ಒಳ್ಳೆಯ ಸೂತ್ರವನ್ನು ನಾನು ಕಂಡಿಲ್ಲ.

ಮುಧೋಳವನ್ನು ಆರಿಸಿದವನು ನಾನು, ಕಾರಣ ರನ್ನ. ಕ್ರಿ.ಶ. 949ರಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ಈ ಕವಿ ಚಾಲುಕ್ಯ ಚಕ್ರವರ್ತಿಯ ಆಸ್ಥಾನದವರೆಗೆ ಏರಿದವನು. ದಾನಚಿಂತಾಮಣಿ ಅತ್ತಿಮಬ್ಬೆಯ ಆಶ್ರಯದಲ್ಲಿ 993ರಲ್ಲಿ ಮುಗಿಸಿದ ಅಜಿತಪುರಾಣದಲ್ಲಿ ಅವನು ತನ್ನ ಊರಿನ ಗುರುತು ಹೇಳಿಕೊಂಡಿದ್ದಾನೆ. ಬೆಳುಗಲಿ ಐನೂರು ಎಂಬ ನಾಡು, ಅದರೊಳಗೆ ಜಂಬುಖಂಡಿ ಎಪ್ಪತ್ತು ಎಂಬ ಭಾಗ, ಅದರೊಳಗೆ ಮುದುವೊಳಲು. ಜಂಬುಖಂಡಿಯೇ ಇಂದಿನ ಜಮಖಂಡಿ, ಮುದುವೊಳಲೇ ಮುಧೋಳ. ಸಾವಿರ ವರ್ಷಗಳ ಹಿಂದಿನ ಒಂದು ವಿಳಾಸವನ್ನು ಹಿಡಿದು ಇಂದಿಗೂ ಆ ಊರಿಗೆ ಹೋಗಬಹುದು! ಇದನ್ನು ಕೇಳಿ ಮೊಮ್ಮಗಳು ತನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಳು. ಮೊಮ್ಮಗನಿಗೆ ರುಚಿಸಿದ್ದು ಗದಾಯುದ್ಧದ ಕಥೆ, ಅದರಲ್ಲಿಯೂ ದುರ್ಯೋಧನನು ವೈಶಂಪಾಯನ ಸರೋವರದ ನೀರಿನೊಳಗೆ ಅಡಗಿ ಕುಳಿತ ಪ್ರಸಂಗ.

ಅವನು ಆರಿಸಿದ್ದೂ ಮುಧೋಳದಲ್ಲಿಯೇ ಇತ್ತು. ಅದು ನಾಯಿ. ಸಪೂರ ಮೈ, ನೀಳ ಕಾಲು, ಉದ್ದ ಮೋರೆಯ ಮುಧೋಳ ತಳಿಯನ್ನು ಬೇಟೆಗಾಗಿ ಸಾಕಿ ಬೆಳೆಸಿ ಹೆಸರಿಗೆ ತಂದವರು ಅಲ್ಲಿಯ ರಾಜ ಮಾಲೋಜಿರಾವ ಘೋರ್ಪಡೆಯವರು. ಇದು ಮೂಗಿಗಿಂತ ಕಣ್ಣನ್ನು ನೆಚ್ಚಿ ಬೇಟೆಯಾಡುವ ಜಾತಿ. ಬಯಲುಸೀಮೆಯಲ್ಲಿ ದೂರದ ಚಲನೆಯನ್ನು ಕಂಡು ಓಡುವುದಕ್ಕಾಗಿಯೇ ಅದರ ದೇಹ ಹಾಗಿದೆ. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿ ಹೊರತಂದಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಕೇಂದ್ರವಿದೆ. ಇದೇ ತಾಲ್ಲೂಕಿನ ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸಲು ನಿರಾಕರಿಸಿ ಬ್ರಿಟಿಷರೊಡನೆ ಕಾದಿ ಮಡಿದರು. ಲಾವಣಿಯಾಗಿ ಉಳಿದ ಆ ಕಥೆಯನ್ನು ವಾಹನದಲ್ಲಿಯೇ ಹೇಳಿದೆ.

ಸೊಸೆ ಆರಿಸಿದ್ದು ರಬಕವಿ-ಬನಹಟ್ಟಿಯನ್ನು. ಮುಧೋಳದಿಂದ ಮಹಾಲಿಂಗಪುರದ ಮಾರ್ಗವಾಗಿ ಹೋದರೆ ಬೆಲ್ಲದ ಪೇಟೆಯನ್ನೂ ಮಹಾಲಿಂಗೇಶ್ವರನ ಗುಡಿಯನ್ನೂ ಕಂಡಂತಾಗುತ್ತದೆ. ಈ ಅವಳಿ ಊರುಗಳನ್ನು ಕಣ್ಣಿಗಿಂತ ಮೊದಲು ಕಿವಿ ಗುರುತಿಸುತ್ತದೆ. ಬೀದಿ ಬೀದಿಯಲ್ಲಿ ಮಗ್ಗದ ಸದ್ದು. ನೇಕಾರರ ಮನೆಯೊಂದರಲ್ಲಿ ನಮ್ಮನ್ನು ಒಳಗೆ ಕರೆದು ಕೂರಿಸಿದರು. ಹಾಸಿನ ಎಳೆಗಳನ್ನು ಎರಡು ಪದರವಾಗಿ ಎತ್ತಿ ಇಳಿಸುವುದು ಹೇಗೆ, ನಡುವಣ ಸಂದಿಯಲ್ಲಿ ಲಾಳಿ ಹೊಕ್ಕಿನ ನೂಲನ್ನು ಒಯ್ಯುವುದು ಹೇಗೆ ಎಂಬುದನ್ನು ಆ ಮನೆಯ ಹಿರಿಯರು ನಿಧಾನವಾಗಿ ತೋರಿಸಿದರು. ಕೈಮಗ್ಗಗಳು ಕಡಿಮೆಯಾಗಿ ವಿದ್ಯುತ್ ಮಗ್ಗಗಳು ಹೆಚ್ಚಿವೆ. ಮಕ್ಕಳು ಬೇರೆ ಉದ್ಯೋಗ ಹಿಡಿದಿದ್ದಾರೆ. ಅಂಗಡಿಯಲ್ಲಿ ಸೀರೆಯ ಬೆಲೆ ಮಾತ್ರ ಕಾಣುತ್ತದೆ. ಮಗ್ಗದ ಮುಂದೆ ಕುಳಿತರೆ ಅದರ ಹಿಂದಿನ ದಿನಗಳು ಕಾಣುತ್ತವೆ. ಸಮೀಪದ ತೇರದಾಳದಲ್ಲಿ ಹನ್ನೆರಡನೆಯ ಶತಮಾನದ ಗೊಂಕ ಜಿನಾಲಯವುಂಟು. ಒಂದು ತಾಸು ಅದಕ್ಕೆ ಮೀಸಲಿಡಬೇಕು.

ಮಗ ಎಂಜಿನಿಯರ್. ಅವನಿಗೆ ಬೇಕಾಗಿದ್ದದ್ದು ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿ. ಜಮಖಂಡಿಯಲ್ಲಿ ರಾಮತೀರ್ಥದ ಗುಡ್ಡವನ್ನೂ ಅರಮನೆಯನ್ನೂ ನೋಡಿದೆವು. ಗುರುದೇವ ರಾನಡೆಯವರು 1886ರಲ್ಲಿ ಹುಟ್ಟಿದ ಊರಿದು. ಇದೇ ತಾಲ್ಲೂಕಿನ ಸಾವಳಗಿಯ ಬಿ. ಡಿ. ಜತ್ತಿಯವರು 1958ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು, 1977ರಲ್ಲಿ ಹಂಗಾಮಿ ರಾಷ್ಟ್ರಪತಿಯಾದರು. ಅಲ್ಲಿಂದ ಹೊಳೆಯ ಕಡೆ ಹೊರಳಿದರೆ ಚಿಕ್ಕಪಡಸಲಗಿಯ ಬ್ಯಾರೇಜು. ಮಳೆಗಾಲದಲ್ಲಿ ಉಕ್ಕುವ ಕೃಷ್ಣೆ ಬೇಸಗೆಯಲ್ಲಿ ಬತ್ತುತ್ತಿದ್ದ ಕಾಲದಲ್ಲಿ, ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರು ತಾವೇ ಹಣ ಕೂಡಿಸಿ, ತಾವೇ ದುಡಿದು 1989ರಲ್ಲಿ ಇದನ್ನು ಕಟ್ಟಿದರು. ಅದಕ್ಕೆ 'ಶ್ರಮಬಿಂದು ಸಾಗರ' ಎಂದು ಹೆಸರು. ಮಗ ಬಹಳ ಹೊತ್ತು ಅದರ ಮೇಲೆ ನಿಂತಿದ್ದ.

ಗಲಗಲಿಯ ಮಾರ್ಗವಾಗಿ ಬೀಳಗಿಗೆ ಬಂದಾಗ ಮೂರನೆಯ ದಿನ. ಬೀಳಗಿಯನ್ನು ಆರಿಸಿದವರು ನನ್ನ ಮನೆಯವರು. ಅವರ ತವರು ಈ ಸೀಮೆಯ ಹೊಳೆದಂಡೆಯ ಒಂದು ಹಳ್ಳಿ. ಈಗ ಅದು ಹಿನ್ನೀರಿನೊಳಗಿದೆ.

ಹಿನ್ನೀರೆಂದರೇನೆಂಬುದನ್ನು ಸ್ವಲ್ಪ ವಿವರಿಸಬೇಕು. ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು 1964ರಲ್ಲಿ ಅಡಿಗಲ್ಲನ್ನಿಟ್ಟರು. ಜಲಾಶಯಕ್ಕೆ ಅವರದೇ ಹೆಸರಿದೆ. ಸಮುದ್ರಮಟ್ಟದಿಂದ 519.6 ಮೀಟರ್ ಎತ್ತರದವರೆಗೆ ನೀರು ನಿಲ್ಲಿಸಲು ಸುಪ್ರೀಂ ಕೋರ್ಟು 2000ದಲ್ಲಿ ಸಮ್ಮತಿಸಿತು. ಆ ಮಟ್ಟದಲ್ಲಿ ಅದು ಸುಮಾರು 123 ಟಿ.ಎಂ.ಸಿ. ನೀರನ್ನು ಹಿಡಿಯುತ್ತದೆ. ಈ ಸೀಮೆ ಚಪ್ಪಟೆಯಾದದ್ದು. ಆದ್ದರಿಂದ ನೀರು ಆಳಕ್ಕಿಂತ ಅಗಲಕ್ಕೆ ಹರಡಿತು. ಕೃಷ್ಣೆಯ ದಂಡೆಯಲ್ಲಿಯೂ ಘಟಪ್ರಭೆಯ ದಂಡೆಯಲ್ಲಿಯೂ ಹಳ್ಳಿಗಳು ಮುಳುಗಿದವು. ಬಾಗಲಕೋಟೆ ಪಟ್ಟಣದ ಒಂದು ಭಾಗವೂ ಮುಳುಗಿತು. ಬೀಳಗಿಯಿಂದ ವಿಜಯಪುರದ ಕಡೆ ಹೋಗುವಾಗ ಕೊರ್ತಿ-ಕೊಲ್ಹಾರದ ನಡುವೆ ಸುಮಾರು ಮೂರು ಕಿಲೋಮೀಟರಿನ ಸೇತುವೆ ಸಿಗುತ್ತದೆ. ಹಿನ್ನೀರಿನ ಹರವನ್ನು ತಿಳಿಯಲು ಅದೊಂದೇ ಸಾಕು. ಆಚೆ ದಡದ ಕೊಲ್ಹಾರದಲ್ಲಿ ಮಣ್ಣಿನ ಗಡಿಗೆಯ ಗಟ್ಟಿ ಮೊಸರು ತಿನ್ನದೆ ಬರಬಾರದು.

ದೋಣಿ ಮೀನುಗಾರರದು, ಯಂತ್ರ ಕೂಡಿಸಿದ್ದು. ಎಲ್ಲರಿಗೂ ತೇಲುವ ಅಂಗಿ ತೊಡಿಸದ ಹೊರತು ಹತ್ತಬಾರದು. ಹಿನ್ನೀರಿನೊಳಗೆ ಹಳೆಯ ಮರಗಳ ಬೊಡ್ಡೆಗಳು, ಗೋಡೆಗಳು ಇರುವುದರಿಂದ ಅಲ್ಲಿಯ ದಾರಿ ಬಲ್ಲ ಅಂಬಿಗನೇ ಬೇಕು. ಬೇಸಗೆಯತ್ತ ನೀರು ಹಿಂದೆ ಸರಿದಾಗ ಹೆರಕಲ್ಲಿನ ಸುತ್ತಲ ಕೆಸರಿನಲ್ಲಿ ರಾಜಹಂಸಗಳು ನೆರೆಯುತ್ತವೆ ಎಂದು ಅಂಬಿಗ ಹೇಳಿದ. ಸಂಗಮದ ಗುಡಿಯತ್ತ ಕೈಮುಗಿದು ನಾವು ಮೇಲಕ್ಕೆ ತಿರುಗಿದೆವು.

ಒಂದೆಡೆ ನನ್ನ ಮನೆಯವರು ದೋಣಿ ನಿಲ್ಲಿಸಲು ಹೇಳಿದರು. ಸುತ್ತ ನೀರೇ ನೀರು. ಅವರು ದೂರದ ಗುಡ್ಡದ ಮೂಗನ್ನೂ ಎದುರು ದಡದ ಏರನ್ನೂ ನೋಡಿ ಜಾಗ ಹಿಡಿದಿದ್ದರು. ಬೆರಳು ತೋರುತ್ತ ಒಂದೊಂದೇ ಹೇಳತೊಡಗಿದರು: ಇಲ್ಲಿ ಅಗಸೆ, ಇಲ್ಲಿ ಹನುಮಪ್ಪನ ಗುಡಿ, ಇದು ಬೇವಿನ ಕಟ್ಟೆ, ಇದು ಹೊಳೆಗೆ ನೀರು ತರಲು ಹೋಗುವ ದಾರಿ, ಇದು ನಮ್ಮ ಮನೆ. ಮೊಮ್ಮಗಳು ಟಿಪ್ಪಣಿ ಪುಸ್ತಕ ತೆಗೆದು ನಕಾಶೆ ಬರೆದುಕೊಂಡಳು. ಮೊಮ್ಮಗ ಕೇಳಿದ: "ದುರ್ಯೋಧನನ ಹಾಗೆ ಅಜ್ಜಿಯ ಮನೆಯೂ ನೀರಿನೊಳಗೆ ಅಡಗಿದೆಯೇನು?" ಅವರೆಂದರು: "ಅಡಗಿಲ್ಲಪ್ಪ, ಕೊಟ್ಟೇವಿ." ನಂತರ ಸೆರಗಿನಲ್ಲಿ ಕಟ್ಟಿಕೊಂಡು ತಂದಿದ್ದ ಅರಿಸಿನ ಕುಂಕುಮಗಳನ್ನು ನೀರಿಗೆ ಬಿಟ್ಟರು.

ಆ ಮಾತು ನಿಜ. ಆ ನೀರು ಕಾಲುವೆಗಳಲ್ಲಿ ಹರಿದು ವಿಜಯಪುರ, ಯಾದಗಿರಿ, ಕಲಬುರಗಿ, ರಾಯಚೂರುಗಳ ಒಣನೆಲಕ್ಕೆ ಮುಟ್ಟಿದೆ. ಅಣೆಕಟ್ಟಿನ ಬುಡದಲ್ಲಿ 290 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುದಾಗಾರವಿದೆ. ಕೊಟ್ಟವರಿಗೆ ಪುನರ್ವಸತಿ ಕೇಂದ್ರಗಳಾದವು, ಬಾಗಲಕೋಟೆಯವರಿಗೆ ನವನಗರವಾಯಿತು. ಅಲ್ಲಿ ಮನೆಯ ಗುರುತನ್ನು ಸೆಕ್ಟರಿನ ಸಂಖ್ಯೆಯಿಂದ ಹೇಳುತ್ತಾರೆ. ಪರಿಹಾರದ ಲೆಕ್ಕದಲ್ಲಿ ಮನೆ, ಹೊಲ, ಗಿಡಮರಗಳಿಗೆ ಬೆಲೆಯುಂಟು; ಬೇವಿನ ಕಟ್ಟೆ ಎಂಬ ಹೆಸರಿಗೆ ಬೆಲೆ ಕಟ್ಟುವ ಕ್ರಮವಿಲ್ಲ. ಅದು ಆಡುವವರ ನಾಲಗೆಯ ಮೇಲೆ ಇರುವಷ್ಟು ದಿನ ಇದ್ದು, ಅವರೊಡನೆ ಹೋಗುತ್ತದೆ. ಬೀಳಗಿ ಸೀಮೆಯ ಆ ಹಳ್ಳಿಯ ವಿಳಾಸ ರನ್ನನ ವಿಳಾಸದಂತೆ ಯಾವ ಕಾವ್ಯದಲ್ಲಿಯೂ ಸೇರಿಲ್ಲ.

ಇದು ಮುಗಿದ ಕಥೆಯೂ ಅಲ್ಲ. ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಬ್ರಿಜೇಶ್ ಕುಮಾರ್ ನ್ಯಾಯಾಧಿಕರಣ 2010ರಲ್ಲಿ ಒಪ್ಪಿಗೆ ಕೊಟ್ಟಿತು. ನೀರು ಇನ್ನೂ ಆ ಮಟ್ಟಕ್ಕೆ ನಿಂತಿಲ್ಲ. ನಿಂತಾಗ ಇಂದು ನಾವು ನಡೆದಾಡಿದ ಇನ್ನಷ್ಟು ನೆಲ ದೋಣಿಯ ಕೆಳಗೆ ಹೋಗುತ್ತದೆ. ಏರಿಸಬೇಕೆ ಬೇಡವೆ ಎಂಬ ಚರ್ಚೆ ನನ್ನ ಇಂದಿನ ವಿಷಯವಲ್ಲ. ಹೋಗುವುದರ ಹೆಸರುಗಳನ್ನು ಹೋಗುವ ಮುಂಚೆ ಬರೆದಿಡಬೇಕೆಂಬುದಷ್ಟೇ ನನ್ನ ಮಾತು.

ಪ್ರವಾಸದಲ್ಲಿ ವಯಸ್ಸಾದವರನ್ನು ಜೋಪಾನವಾಗಿ ಹತ್ತಿಸಿ ಇಳಿಸಬೇಕಾದ ಸಾಮಾನಿನಂತೆ ಕಾಣುವುದು ಸುಲಭ. ಕೆಲವು ಊರುಗಳಿಗೆ ಅವರ ಹೊರತು ಬೇರೆ ದಾರಿತೋರುಗರಿಲ್ಲ. ಕಡಲಿನ ನೌಕೆ ಮುಂದಿನ ವರ್ಷವೂ ಹೊರಡುತ್ತದೆ. ಅದಕ್ಕೆ ಟಿಕೇಟು ಸಿಕ್ಕುತ್ತದೆ. ಅದಕ್ಕೂ ಮೊದಲು ನಿಮ್ಮ ನಿಮ್ಮ ಹೊಳೆಗೆ ಹೋಗಿರಿ. ಬುತ್ತಿಯಲ್ಲಿ ಸಜ್ಜೆಯ ರೊಟ್ಟಿ, ಶೇಂಗಾ ಹಿಂಡಿ ಇರಲಿ. ಮೊಮ್ಮಕ್ಕಳ ಕೈಯಲ್ಲಿ ಕಾಗದ, ಪೆನ್ಸಿಲು ಇರಲಿ. ಅಗಸೆ ಎಲ್ಲಿತ್ತು, ಕಟ್ಟೆ ಎಲ್ಲಿತ್ತು ಎಂಬುದನ್ನು ಅವರಿಂದಲೇ ಬರೆಯಿಸಿರಿ. ಕೆಳಗೆ ತಿಥಿಯನ್ನೂ ಹೇಳಿದವರ ಹೆಸರನ್ನೂ ಹಾಕಿಸಿರಿ.